ಮದುರೈನ ಸಿಲಂಬಂ ತರಗತಿ: ಮೊದಲು ಕಾಲು, ಆಮೇಲೆ ಕೋಲು

ಕೆಲಸಕ್ಕೆಂದು ಮದುರೈಗೆ ಬಂದವಳು ನಾನು. ಮನೆ ಹತ್ತಿರದ ಮೈದಾನದಲ್ಲಿ 4 ತಿಂಗಳಿಂದ ಸಿಲಂಬಂ, ಅಂದರೆ ತಮಿಳುನಾಡಿನ ಸಾಂಪ್ರದಾಯಿಕ ಕೋಲುವರಸೆ, ಕಲಿಯುತ್ತಿದ್ದೇನೆ. ಮೊದಲ ಎರಡು ವಾರ ಆಸಾನ್ (ಗುರು) ಕೋಲು ಮುಟ್ಟಲೂ ಬಿಡಲಿಲ್ಲ. ಬರೀ ಕಾಲಡಿ, ಅಂದರೆ ಹೆಜ್ಜೆ. ಆಗ ಬೇಜಾರಾಗಿತ್ತು, ಈಗ ಅದೇ ನನ್ನನ್ನು ಕಾಯುತ್ತಿದೆ.

ಬಿದಿರನ್ನು ನನ್ನ ಹಣೆಯೆತ್ತರಕ್ಕೆ ಅಳೆದು ಕತ್ತರಿಸಿ ಕೊಟ್ಟರು. ಸರಿಯಾಗಿ ಬೀಸಿದರೆ ಕಿವಿ ಪಕ್ಕ ಗುಂಯ್ ಅನ್ನುತ್ತದೆ. ಮಣಿಕಟ್ಟು ಬಿಗಿಯಾದರೆ ಸದ್ದೇ ಇಲ್ಲ, ಮೊಣಕೈಗೆ ಏಟು. ಆ ಸದ್ದಿಗಾಗಿಯೇ ದಿನಾ ಹೋಗುತ್ತೇನೆ.

2024ರ ಜನವರಿಯಲ್ಲಿ ತಮಿಳುನಾಡಿನಲ್ಲೇ ನಡೆದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಲ್ಲಿ ಸಿಲಂಬಂ ಪ್ರದರ್ಶನ ಕ್ರೀಡೆಯಾಗಿತ್ತು. ಇಲ್ಲಿನ ಮಕ್ಕಳಿಗೆ ಅದರ ಹೆಮ್ಮೆ ಜಾಸ್ತಿ.

ಸಂಜೆ ಬ್ಯಾಚಿನಲ್ಲಿ ಮಾತ್ರ ಜನ ತುಂಬಾ. ಕೋಲಿಗೆ ಕೋಲು ತಗಲುತ್ತದೆ, ಇದು ಸರಿಯಲ್ಲ. ಸೇರುವುದಾದರೆ ಬೆಳಗ್ಗೆ ಆರಕ್ಕೇ ಬನ್ನಿ.