ಬಿ.ಎಚ್. ರಸ್ತೆಯ ಇಂಗ್ಲಿಷ್ ನೋಟ್ಸ್: ಗೆಲ್ಲುವ ಕುದುರೆಯ ಪುಟದಲ್ಲೇ ಎಡವಟ್ಟು

ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ, ಕೇಂದ್ರ ಸರ್ಕಾರಿ ನೌಕರಿಗೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಗೆಂದು ಮಾರುವ, ಇಂಗ್ಲಿಷ್ ನುಡಿಗಟ್ಟುಗಳ ಸ್ಪೈರಲ್ ನೋಟ್ಸ್ ಇದು. ಬೆಲೆ 120 ರೂಪಾಯಿ. ಅಕ್ಷರ ದಪ್ಪ, ಹಾಳೆ ಪರವಾಗಿಲ್ಲ. ಸರಕಿನ ಯೋಗ್ಯತೆ ತಿಳಿಯಬೇಕಾದರೆ 'ಶೂ-ಇನ್' ಇರುವ ಪುಟ ತೆರೆಯಿರಿ.

ಗೆಲುವು ಖಾತ್ರಿಯಾದವರು ಎಂಬ ಅರ್ಥವೇನೋ ಸರಿ. ಆದರೆ ಕಾಗುಣಿತದಲ್ಲಿ ಎಸ್-ಎಚ್-ಓ-ಇ, ಅಂದರೆ ಕಾಲಿಗೆ ಹಾಕುವ ಶೂ! ಬರಬೇಕಾದದ್ದು ಎಸ್-ಎಚ್-ಓ-ಓ. ಹರವಿದ ರಾಗಿಗೆ ಬಾಯಿ ಹಾಕುವ ಕೋಳಿಯನ್ನು 'ಉಶ್' ಎಂದು ಅಟ್ಟುತ್ತೇವಲ್ಲ, ಆ ಸದ್ದು ಅದು. ಮಾತು ಹುಟ್ಟಿದ್ದು ಅಮೆರಿಕದ ಕುದುರೆ ಜೂಜಿನಲ್ಲಿ, 20ನೇ ಶತಮಾನದ ಮೊದಲ ದಶಕಗಳಲ್ಲಿ. ಜಾಕಿಗಳು, ಅಂದರೆ ಕುದುರೆ ಸವಾರರು, ಒಳಗೊಳಗೇ ಮಾತಾಡಿಕೊಂಡು, ತಮ್ಮ ಕುದುರೆಗಳ ಲಗಾಮು ಬಿಗಿಹಿಡಿದು, ಮೊದಲೇ ಗೊತ್ತುಮಾಡಿದ ಕುದುರೆಯನ್ನು ಗುರಿಯತ್ತ 'ಅಟ್ಟಿ' ಗೆಲ್ಲಿಸುತ್ತಿದ್ದರು. ಮೋಸದ ವಾಸನೆ ಆಮೇಲೆ ಹೋಯಿತು. ಕನ್ನಡದಲ್ಲಿ ಬರೆದರೆ ಎರಡೂ 'ಶೂ'ವೇ ಆದ್ದರಿಂದ, ಪಕ್ಕದ ಕನ್ನಡ ಉಚ್ಚಾರಣೆಯನ್ನಷ್ಟೇ ಓದುವವರಿಗೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಬಳಕೆಯ ವಿವರವೂ ಸಾಲದು. ಇದು ನಾಮಪದ, ಮುಂದೆ ಹುದ್ದೆಯ ಹೆಸರಿದ್ದರೆ 'ಫಾರ್', ಕ್ರಿಯಾಪದವಿದ್ದರೆ 'ಟು'. ಫಲಿತಾಂಶಕ್ಕೆ ಮುಂಚೆ ಆಡುವ ಮಾತು, ಆದರೆ ನೋಟ್ಸಿನ ಉದಾಹರಣೆ ಗೆದ್ದು ಹಾರ ಹಾಕಿಸಿಕೊಂಡವರ ಮೇಲಿದೆ. 2019ರ ಲೋಕಸಭಾ ಚುನಾವಣೆಗೆ ಮುನ್ನ ತುಮಕೂರಿನಲ್ಲಿ ದೇವೇಗೌಡರನ್ನು ಯಾರಾದರೂ 'ಶೂ-ಇನ್' ಎಂದು ಕರೆದಿದ್ದರೆ ವ್ಯಾಕರಣ ಸರಿ, ಭವಿಷ್ಯ ತಪ್ಪು. ಗೆದ್ದದ್ದು ಬಿಜೆಪಿಯ ಜಿ.ಎಸ್. ಬಸವರಾಜು.

ಇದಕ್ಕಿಂತ ದುಬಾರಿ ತಪ್ಪು 'ಡಾರ್ಕ್ ಹಾರ್ಸ್'ನದು. ಅದಕ್ಕೂ 'ಗೆಲ್ಲುವ ಕುದುರೆ' ಎಂದೇ ಅರ್ಥ ಕೊಟ್ಟಿದ್ದಾರೆ. ಗೆಲ್ಲುವ ಕುದುರೆ ಎಂದರೆ ಟಿಕೆಟ್ ಹಂಚುವಾಗ ಪಕ್ಷಗಳು ಹುಡುಕುವ ಆಸಾಮಿ. ಡಾರ್ಕ್ ಹಾರ್ಸ್ ಎಂದರೆ ಯಾರ ಲೆಕ್ಕದಲ್ಲೂ ಇಲ್ಲದೆ ಮುನ್ನುಗ್ಗಿ ಬಂದವನು. 1844ರಲ್ಲಿ ಅಮೆರಿಕದ ಅಧ್ಯಕ್ಷನಾಗಿ ಗೆದ್ದ ಜೇಮ್ಸ್ ಪೋಕ್ ಇದಕ್ಕೆ ಹಳೆಯ ಉದಾಹರಣೆ. ಎಸ್‌ಎಸ್‌ಸಿ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ. ಈ ಪುಟ ನಂಬಿ ಉತ್ತರ ಗುರುತಿಸಿದರೆ ಒಟ್ಟು ಎರಡೂವರೆ ಅಂಕದ ಹೊಡೆತ.

'ಹ್ಯಾಂಡ್ಸ್ ಡೌನ್' ಮಾತ್ರ ಚೆನ್ನಾಗಿ ಬಂದಿದೆ: ಗೆಲುವು ಖಚಿತವೆಂದಾಗ ಜಾಕಿ ಲಗಾಮು ಸಡಿಲಿಸಿ ಕೈ ಇಳಿಸುತ್ತಿದ್ದ, ಅದರಿಂದ 'ಸಲೀಸಾಗಿ' ಎಂಬ ಅರ್ಥ.

ಹೊಸ ಮುದ್ರಣ ಬಂದಿದೆ ಎಂದರೆ ಹಿಗ್ಗಬೇಡಿ. ಬದಲಾಗಿರುವುದು ಹೊದಿಕೆಯ ಬಣ್ಣ. ಒಳಗಿನದು ಅದೇ ಹಳೇ ಪ್ರತಿಯ ಜೆರಾಕ್ಸ್.