ಎಕ್ಸ್‌ಚೇಂಜ್‌ಗೆ ಮುನ್ನ ರಿಪೇರಿ ಮಾಡಿಸಬೇಕೇ? 9 ವರ್ಷ ಓಡಿಸಿದ ಕಾರು ಕೊಟ್ಟ ಅನುಭವ

ಕಾರು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ಬಳಸಿದ್ದು 9 ವರ್ಷ, ಓಡಿದ್ದು 1,14,000 ಕಿಲೋಮೀಟರ್, ಮೊದಲಿನಿಂದಲೂ ನಮ್ಮದೇ ಕೈಯಲ್ಲಿದ್ದ ಗಾಡಿ. ಕಂಪನಿ, ಮಾಡೆಲ್ ಹೆಸರು ಬರೆಯುತ್ತಿಲ್ಲ. ನನಗೆ ಬಂದ ತೊಂದರೆ ಹಳೆಯದಾದ ಯಾವ ಪೆಟ್ರೋಲ್ ಗಾಡಿಗಾದರೂ ಬರುವಂಥದ್ದು.

ಗಾಡಿಯ ಬಗ್ಗೆ ಮೊದಲು ಎರಡು ಮಾತು. ಎಂಟು ವರ್ಷ ಅದು ಒಂದು ದಿನವೂ ದಾರಿಯಲ್ಲಿ ಕೈಕೊಡಲಿಲ್ಲ. ಕಾಲಕಾಲಕ್ಕೆ ಆಯಿಲ್, ಫಿಲ್ಟರ್, ಎರಡು ಸಲ ಬ್ಯಾಟರಿ, ಒಂದು ಸೆಟ್ ಟೈರ್, ಆರನೇ ವರ್ಷ ಸೋರುತ್ತಿದ್ದ ಎಸಿ ಕಂಡೆನ್ಸರ್. ಇಷ್ಟೇ ಖರ್ಚು. ಸ್ಟಿಯರಿಂಗ್ ಹಗುರ, ಇಕ್ಕಟ್ಟಿನಲ್ಲೂ ಸಲೀಸಾಗಿ ತಿರುಗುತ್ತಿತ್ತು. ಹಿಂದೆ ಮೂವರು ಕೂತು ದೂರ ಹೋಗುವುದು ಮಾತ್ರ ಕಷ್ಟ.

ತೊಂದರೆ ಶುರುವಾಗಿದ್ದು 1,10,000ದ ಆಸುಪಾಸಿನಲ್ಲಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಗಡಗಡ ನಡುಗುತ್ತಿತ್ತು, ಬಿಸಿಯಾದ ಮೇಲೆ ಸರಿಹೋಗುತ್ತಿತ್ತು. ಒಂದು ವಾರಕ್ಕೆ ಚೆಕ್ ಎಂಜಿನ್ ಲೈಟ್ ಬಂತು. ಏರು ಹತ್ತುವಾಗ ಆ ಲೈಟು ಮಿಣುಕುತ್ತಿತ್ತು, ಆಮೇಲೆ ಸುಮ್ಮನೆ ಉರಿಯುತ್ತಾ ನಿಲ್ಲುತ್ತಿತ್ತು. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಲೈಟು ಮಿಣುಕಿದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದೆ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದರ್ಥ. ಆ ಪೆಟ್ರೋಲ್, ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿ, ಅದನ್ನು ಮಿತಿಮೀರಿ ಬಿಸಿ ಮಾಡಿ ಕೆಡಿಸುತ್ತದೆ. ನಾನು ಹೇಗೂ ಗಾಡಿ ಬದಲಿಸುವುದಿದೆಯಲ್ಲ ಎಂದು ಹಾಗೇ ಮೂರು ತಿಂಗಳು ಓಡಿಸಿದೆ. ಈ ಅನುಭವದಲ್ಲಿ ನನಗೆ ನಿಜಕ್ಕೂ ಬೇಸರವಿರುವುದು ಈ ಮೂರು ತಿಂಗಳ ಬಗ್ಗೆ.

ಎಕ್ಸ್‌ಚೇಂಜ್ ಬೆಲೆ ಕೇಳಲು ಡೀಲರ್ ಹತ್ತಿರ ಮೊದಲು ಹೋದಾಗ ಲೈಟು ಉರಿಯುತ್ತಲೇ ಇತ್ತು. ಗಾಡಿ ನೋಡಿದವರು ಬಾನೆಟ್ ತೆಗೆದು ಒಂದು ನಿಮಿಷ ಐಡ್ಲಿಂಗ್ ಕೇಳಿಸಿಕೊಂಡರು, ಫಾರಂನಲ್ಲಿ ‘ಎಂಜಿನ್ ಸಮಸ್ಯೆ’ ಎಂದು ಬರೆದರು. ಆ ಎರಡು ಪದಕ್ಕೆ ಗಾಡಿಯ ಬೆಲೆಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಕಡಿತವಾಯಿತು. ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರ ಲೆಕ್ಕ ಅರ್ಥವಾಯಿತು. ಒಳಗೆ ಏನಿದೆಯೋ ಗೊತ್ತಿಲ್ಲದವರು ಅತಿ ಕೆಟ್ಟದ್ದೇ ಇರಬಹುದು ಎಂದುಕೊಂಡು ಬೆಲೆ ಕಟ್ಟುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಮುಂದಿನ ನಿಲುಗಡೆ ಒಂದು ವರ್ಕ್‌ಶಾಪ್. ಅಲ್ಲಿ ಸ್ಕ್ಯಾನರ್ ಹಾಕಿ ನೋಡಿ, ಕನ್ವರ್ಟರ್ ಬದಲಿಸಬೇಕು ಎಂದರು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುವ ಭಾಗ ಅದು, ಅಗ್ಗಕ್ಕೆ ಸಿಗುವುದಿಲ್ಲ. ಗಾಡಿಯ ಕಂಪ್ಯೂಟರ್ ದೋಷ ಕಂಡಾಗ ದಾಖಲಿಸುವ ಕೋಡ್ ಬೇರೆ ಏನಾದರೂ ಇತ್ತೇ ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಅದಕ್ಕೇ ನಾನೇ ಆ ಕೋಡ್ ಓದುವ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಸ್ಟಿಯರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿದರೆ ಮೊಬೈಲಿನಲ್ಲಿ ಕೋಡ್ ಕಾಣುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಈ ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಕೋಡುಗಳ ಅರ್ಥ ಎಲ್ಲ ಕಂಪನಿಗಳಿಗೂ ಬಹುಪಾಲು ಒಂದೇ.

ನನ್ನ ಗಾಡಿಯಲ್ಲಿ ಎರಡು ಕೋಡ್ ಇದ್ದವು. ಪಿ0420 ಎಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು. ವರ್ಕ್‌ಶಾಪಿನವರು ಹೇಳಿದ್ದು ಇದನ್ನೇ. ಇನ್ನೊಂದು ಪಿ0302, ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತುತ್ತಿಲ್ಲ ಎಂದು. ಮೂಲ ರೋಗ ಇದು. ಇದನ್ನು ಬಿಟ್ಟು ಹೊಸ ಕನ್ವರ್ಟರ್ ಹಾಕಿಸಿದ್ದರೆ ಅದೂ ಕೆಟ್ಟುಹೋಗುತ್ತಿತ್ತು.

ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. “ಏನೂ ಕೊಳ್ಳಬೇಡಿ ಸರ್. ಎರಡನೇ ಕಾಯಿಲ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ ಹಾಕಿ. ಕೋಡ್ ಎಲ್ಲಿಗೆ ಹೋಗುತ್ತೆ ನೋಡಿ, ಆಮೇಲೆ ಮಾತಾಡೋಣ” ಎಂದರು. ಕಾಯಿಲ್ ಎಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಹಾರಿಸುವಷ್ಟು ವಿದ್ಯುತ್ ಕೊಡುವ ಭಾಗ, ನನ್ನ ಗಾಡಿಯಲ್ಲಿ ಸಿಲಿಂಡರಿಗೊಂದು. ತಣ್ಣಗಿದ್ದ ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದೆ. ಪ್ರತಿ ಕಾಯಿಲ್‌ಗೂ 10 ಎಂಎಂ ಬೋಲ್ಟ್ ಒಂದು, ಒತ್ತಿ ಬಿಡಿಸುವ ಕನೆಕ್ಟರ್ ಒಂದು. ಎರಡನೆಯದನ್ನು ಮೇಲಕ್ಕೆ ಎಳೆದಾಗ ಅದರ ರಬ್ಬರ್ ಬೂಟಿನ ಒಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಕಿಡಿ ಪ್ಲಗ್ಗಿನ ತುದಿಯವರೆಗೆ ಹೋಗದೆ ಪಕ್ಕದಿಂದ ಲೋಹಕ್ಕೆ ಹಾರಿಹೋಗುತ್ತಿದ್ದ ದಾರಿ ಅದು. ಅದಲುಬದಲು ಮಾಡಿ, ಕೋಡ್ ಅಳಿಸಿ, ಹತ್ತು ನಿಮಿಷ ಓಡಿಸಿದ ಮೇಲೆ ಪಿ0303 ಬಂತು. ಕಾಯಿಲ್ ಜೊತೆಗೇ ದೋಷವೂ ಮೂರನೇ ಸಿಲಿಂಡರಿಗೆ ಹೋಗಿತ್ತು. ಇಷ್ಟು ಸ್ಪಷ್ಟವಾಗಿ ಒಂದು ಯಂತ್ರ ತನ್ನ ನೋವನ್ನು ತೋರಿಸಿಕೊಟ್ಟಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಒಂದು ಕಾಯಿಲ್, ನಾಲ್ಕು ಸ್ಪಾರ್ಕ್ ಪ್ಲಗ್ ಬದಲಾದವು. ನಡುಕ ನಿಂತಿತು, ಪಿಕಪ್ ಮರಳಿತು. ವರ್ಕ್‌ಶಾಪಿನವರು ಹೇಳಿದ್ದ ಖರ್ಚಿನ ಮುಂದೆ ಇದು ಹತ್ತನೇ ಒಂದು ಭಾಗವೂ ಆಗಲಿಲ್ಲ. ಪಿ0420 ಮಾತ್ರ ನಾಲ್ಕೈದು ದಿನದಲ್ಲಿ ಮತ್ತೆ ಬಂತು. ಮೊಬೈಲಿನಲ್ಲಿ ಎರಡು ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್ ಹಾಕಿ ನೋಡಿದೆ. ಕನ್ವರ್ಟರಿನ ಮುಂದಿನ ಸೆನ್ಸರ್ ಗೆರೆ ಸದಾ ಮೇಲೆ ಕೆಳಗೆ ಕುಣಿಯಬೇಕು, ಹಿಂದಿನದು ಹೆಚ್ಚುಕಡಿಮೆ ಸಮನಾಗಿರಬೇಕು. ನನ್ನದರಲ್ಲಿ ಎರಡೂ ಕುಣಿಯುತ್ತಿದ್ದವು. ಮೆಕ್ಯಾನಿಕ್ ಬಂದು ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇಲ್ಲವೆಂದು ಖಚಿತ ಮಾಡಿದರು. ಕನ್ವರ್ಟರ್ ಹೋಗಿದ್ದು ನಿಜ.

ಹಾಗಾದರೆ ಅದನ್ನು ಬದಲಿಸಿ ಕೊಡಬೇಕೇ, ಹಾಗೇ ಕೊಡಬೇಕೇ? ನನಗೆ ಉತ್ತರ ಸಿಕ್ಕಿದ್ದು ಒಂದೇ ಪ್ರಶ್ನೆಯಿಂದ. ಕೋಡುಗಳ ಪ್ರಿಂಟ್, ಕಾಯಿಲ್ ಬಿಲ್ಲು, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಹಿಡಿದು ಮೊದಲು ನೋಡಿದವರ ಹತ್ತಿರವೇ ಹೋದೆ. “ಈಗ ಇರುವ ಹಾಗೆ ಎಷ್ಟು ಕೊಡುತ್ತೀರಿ? ಕನ್ವರ್ಟರ್ ಹೊಸದು ಹಾಕಿಸಿ ತಂದರೆ ಎಷ್ಟು ಕೊಡುತ್ತೀರಿ? ಎರಡನ್ನೂ ಬರೆದುಕೊಡಿ” ಎಂದೆ. ಇದ್ದ ಹಾಗೆ ಕೊಟ್ಟರೆ ಆಗುವ ಕಡಿತ ಮೊದಲಿನದಕ್ಕಿಂತ ಅರ್ಧಕ್ಕೂ ಕೆಳಗಿಳಿಯಿತು. ಹೊಸ ಕನ್ವರ್ಟರ್ ಹಾಕಿಸಿದರೆ ಸಿಗುವ ಹೆಚ್ಚುವರಿ ಬೆಲೆ, ಅದಕ್ಕೆ ನಾನು ಕೊಡಬೇಕಾಗಿದ್ದ ಹಣದ ಅರ್ಧವೂ ಇರಲಿಲ್ಲ. ಇನ್ನೊಂದು ಕಡೆ ಕೇಳಿದಾಗಲೂ ಅದೇ ಕಥೆ. ಡೀಲರ್‌ಗಳಿಗೆ ಸ್ವಂತ ವರ್ಕ್‌ಶಾಪ್ ಇರುತ್ತದೆ, ಬಿಡಿಭಾಗ ಸಗಟು ದರಕ್ಕೆ ಸಿಗುತ್ತದೆ, ಕೆಲವು ಗಾಡಿಗಳನ್ನು ರಿಪೇರಿ ಮಾಡದೆಯೇ ಹರಾಜಿಗೆ ಕಳಿಸುತ್ತಾರೆ. ಜೊತೆಗೆ 9 ವರ್ಷದ, ಲಕ್ಷ ದಾಟಿದ ಗಾಡಿಗೆ ಬೆಲೆಯ ಒಂದು ಮಿತಿ ಇದೆ. ಹೊಸ ಭಾಗ ಎಷ್ಟು ಹಾಕಿದರೂ ಆ ಗೆರೆ ಮೇಲೇರುವುದಿಲ್ಲ.

ಈ ಮಾತುಕತೆಯಲ್ಲಿ ಹಳೆ ಗಾಡಿಯ ಬೆಲೆ, ಹೊಸ ಗಾಡಿಯ ಬೆಲೆ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಸಿಕೊಂಡೆ. ಎರಡನ್ನೂ ಕಲಸಿಬಿಟ್ಟರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ತೆಗೆದುಕೊಂಡರೂ ತಿಳಿಯುವುದಿಲ್ಲ.

ಬಿಟ್ಟುಬಿಟ್ಟ ರಿಪೇರಿಗಳು ಇನ್ನೂ ಇದ್ದವು. ಕ್ಲಚ್ ಪ್ಲೇಟ್ ಸವೆದಿತ್ತು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಈ ವಯಸ್ಸಿನ ಗಾಡಿಯಲ್ಲಿ ಅದನ್ನು ನಿರೀಕ್ಷಿಸಿಯೇ ಬೆಲೆ ಕಟ್ಟಿರುತ್ತಾರೆ. ಬಂಪರ್ ಮೂಲೆಯ ಗೀರಿಗೂ ಪೇಂಟ್ ಮಾಡಿಸಲಿಲ್ಲ. ಹಾಗೆ ಮಾಡದೆ ಇದ್ದದ್ದು ಒಳ್ಳೆಯದೇ ಆಯಿತು. ಗಾಡಿ ನೋಡಿದವರು ಪೇಂಟಿನ ದಪ್ಪ ಅಳೆಯುವ ಒಂದು ಸಣ್ಣ ಮೀಟರನ್ನು ಬಾಗಿಲು, ಫೆಂಡರ್, ರೂಫ್ ಎಲ್ಲದಕ್ಕೂ ತಾಗಿಸುತ್ತಾ ಹೋದರು. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಎಡ ಹಿಂಬಾಗಿಲಿಗೆ ಬಂದಾಗ 280 ತೋರಿಸಿತು. ತಕ್ಷಣ ತಲೆ ಎತ್ತಿ, “ಆಕ್ಸಿಡೆಂಟ್ ಆಗಿತ್ತಾ?” ಎಂದು ಕೇಳಿದರು. ಐದನೇ ವರ್ಷ ಆ ಬಾಗಿಲಿಗೆ ಉದ್ದಕ್ಕೆ ಗೀರು ಬಿದ್ದು ಪೇಂಟ್ ಮಾಡಿಸಿದ್ದೆ. ಆಗಿನ ಫೋಟೋ, ಬಿಲ್ಲು ಎರಡೂ ಫೈಲಿನಲ್ಲಿದ್ದವು, ತೋರಿಸಿದೆ. ಕೊಡುವ ಮುಂಚಿನ ವಾರ ಇನ್ನೆರಡು ಭಾಗಕ್ಕೆ ಬಣ್ಣ ಹಚ್ಚಿಸಿದ್ದರೆ ಅನುಮಾನವನ್ನು ದುಡ್ಡು ಕೊಟ್ಟು ತಂದುಕೊಂಡಂತಾಗುತ್ತಿತ್ತು.

ಮಾಡಿಸಿದ್ದು ಯಾವುದೆಂದರೆ ಬ್ರೇಕ್ ಪ್ಯಾಡ್. ಮುಂದಿನವು 3 ಎಂಎಂಗಿಂತ ತೆಳುವಾಗಿದ್ದವು, ಹೊಸ ಗಾಡಿ ಬರಲು ಮೂರು ವಾರವಿತ್ತು, ಮನೆಯವರೆಲ್ಲ ಅದರಲ್ಲೇ ಓಡಾಡಬೇಕಿತ್ತು. ಇಲ್ಲಿ ಲಾಭ ನಷ್ಟದ ಲೆಕ್ಕ ಹಾಕಲೇ ಇಲ್ಲ. ಸುಟ್ಟಿದ್ದ ಒಂದು ಬಲ್ಬ್, ಸತ್ತುಹೋಗಿದ್ದ ಕೀ ಸೆಲ್, ಒಳಗೆ ಹೊರಗೆ ಚೆನ್ನಾಗಿ ತೊಳೆಸಿದ್ದು, ಇವೂ ಸಾರ್ಥಕ. 17 ಅಕ್ಷರ–ಅಂಕಿಗಳ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ತಯಾರಕರ ರಿಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆದದ್ದು, ಬಾಕಿ ಇದೆಯೇ ಎಂದೂ ನೋಡಿದೆ. ನನ್ನದಕ್ಕೆ ಇರಲಿಲ್ಲ. ಇದ್ದರೆ ಆ ರಿಪೇರಿಗೆ ಸಾಮಾನ್ಯವಾಗಿ ಮಾಲೀಕರು ಹಣ ಕೊಡಬೇಕಿಲ್ಲ, ಮಾಡಿಸಿಯೇ ಕೊಡುವುದು ಸರಿ.

ಎಲ್ಲರಿಗೂ ನನ್ನ ಲೆಕ್ಕವೇ ಹೊಂದುತ್ತದೆ ಎನ್ನಲಾರೆ. ಗಾಡಿ ಸ್ಟಾರ್ಟೇ ಆಗದಿದ್ದರೆ ಅದಕ್ಕೆ ಗುಜರಿಯ ಬೆಲೆ ಕಟ್ಟುತ್ತಾರೆ, ಕಡಿಮೆ ಖರ್ಚಿನಲ್ಲಿ ಓಡುವ ಹಾಗೆ ಮಾಡುವುದು ಲಾಭ. ನೇರವಾಗಿ ಒಬ್ಬರಿಗೆ ಮಾರುವುದಾದರೂ ಲೆಕ್ಕ ಬೇರೆ. ಅವರಿಗೆ ಸ್ವಂತ ವರ್ಕ್‌ಶಾಪ್ ಇಲ್ಲ, ಉರಿಯುವ ಲೈಟು ಕಂಡರೆ ಹಿಂದೆ ಸರಿಯುತ್ತಾರೆ. ಅಲ್ಲಿ ರಿಪೇರಿಯ ಹಣ ಬಹುಮಟ್ಟಿಗೆ ವಾಪಸ್ ಬರುತ್ತದೆ.

ಕೊನೆಗೊಂದು ವಿಷಯ ಹೇಳಲೇಬೇಕು. ಗಾಡಿ ಒಯ್ಯುವ ಬೆಳಗ್ಗೆ ಕೋಡ್ ಅಳಿಸಿಬಿಡಿ, ಲೈಟು ಹೋಗುತ್ತದೆ ಎಂದು ಇಬ್ಬರು ಸಲಹೆ ಕೊಟ್ಟರು. ಅಳಿಸಿದರೆ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳೂ ಶೂನ್ಯಕ್ಕೆ ಮರಳುತ್ತವೆ, ಅವು ಮುಗಿಯಲು ಹಲವು ಸಲ ಓಡಿಸಬೇಕು. ಅಲ್ಲಿಯವರೆಗೆ ಸ್ಕ್ಯಾನರ್ ಹಾಕಿದವರಿಗೆ ‘ಪರೀಕ್ಷೆ ಪೂರ್ಣವಾಗಿಲ್ಲ’ ಎಂದು ಕಾಣುತ್ತದೆ, ಅಳಿಸಿದ್ದು ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ನಾನು ಮಾಡುತ್ತಿರಲಿಲ್ಲ. ಮುಂದೆ ಆ ಗಾಡಿ ಕೊಳ್ಳುವವರು ನನ್ನ ಹಾಗೆಯೇ ಕಷ್ಟಪಟ್ಟು ಹಣ ಕೂಡಿಸಿದವರು.

ಲೈಟು ಉರಿಯುತ್ತಿದ್ದ ಹಾಗೇ ಒಯ್ದೆ. ಫಾರಂನ ಕೊನೆಯಲ್ಲಿ ‘ಪಿ0420, ಕನ್ವರ್ಟರ್ ದೋಷ, ಮಾಲೀಕರು ತಿಳಿಸಿದ್ದಾರೆ’ ಎಂದು ಬರೆಸಿ, ಕೆಳಗೆ ಇಬ್ಬರೂ ಸಹಿ ಹಾಕಿದೆವು. ಬಿಲ್ಲುಗಳ ಫೈಲನ್ನು ಗಾಡಿಯ ಜೊತೆಗೇ ಕೊಟ್ಟೆ, ಫಾರಂನ ಪ್ರತಿ ನನ್ನ ಹತ್ತಿರ ಇದೆ.