ಅವ್ವನ ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟದ್ದು ಯಾವುದು?

ಶುಭಾಂಶು ಶುಕ್ಲಾ 2025ರ ಜೂನ್ 25ಕ್ಕೆ ಬಾಹ್ಯಾಕಾಶಕ್ಕೆ ಹಾರಿ ಜುಲೈ 15ಕ್ಕೆ ಮರಳಿದರಲ್ಲ, ಆ ದಿನಗಳಲ್ಲಿ ಕಲಬುರಗಿಯ ನಮ್ಮ ಮನೆಯಲ್ಲೂ ಒಂದು ಪ್ರಯೋಗ ನಡೆದಿತ್ತು. ಬೇರೆ ಬೇರೆ ದಾರಿಯಲ್ಲಿ ಸುದ್ದಿ ತಿಳಿದುಕೊಂಡು, ರಾತ್ರಿ ರೊಟ್ಟಿ ಬಡಿಯುತ್ತಿರುವ ಅವ್ವನಿಗೆ ಹೇಳುವುದು. ಅವ್ವ ಒಂದು ಪ್ರಶ್ನೆಗೆ ಸುಮ್ಮನಾಗುವವಳಲ್ಲ. ಎರಡನೆಯದಕ್ಕೂ ಉತ್ತರ ಸಿಕ್ಕರೆ ಆ ದಾರಿ ಪಾಸು.

ಮೊದಲು ಮೊಬೈಲಿನ ಚಿಕ್ಕ ವಿಡಿಯೊ. ಶುಕ್ಲಾ ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು ಅಂತ 40 ಸೆಕೆಂಡಿನಲ್ಲಿ ಮುಗಿಸಿತು. ಹಿಂದೆ ಓಡುತ್ತಿದ್ದ ಹಸಿರು ಹೊಲ ಎಲ್ಲಿಯದೋ ದೇವರೇ ಬಲ್ಲ. “ಅಷ್ಟು ದೂರ ಹೋಗಿ ಮೆಂತ್ಯ ಯಾಕ ಬೆಳೀಲತ್ತಾನ?” ಅಂದಳು ಅವ್ವ. ಮೊದಲ ಪ್ರಶ್ನೆಗೇ ಫೇಲು.

ಮರುದಿನ ಜಗತ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಾ ಪೇಪರ್ ಹಿಡಿದೆ. ಇದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಪ್ರಯೋಗ. ಮೊಳಕೆಗಳನ್ನು ಫ್ರೀಜರಿನಲ್ಲಿಟ್ಟು ತಂದು, ಅವುಗಳ ಪೋಷಕಾಂಶ, ಸೂಕ್ಷ್ಮಜೀವಿ, ವಂಶವಾಹಿ ಹೇಗೆ ಬದಲಾಗಿವೆ ಅಂತ ನೋಡುತ್ತಾರೆ. “ಧಾರವಾಡದವ್ರಾ!” ಅವ್ವನಿಗೆ ಖುಷಿ. ರೊಟ್ಟಿ ತಿರುವಿ ಹಾಕಿ ಮತ್ತೆ ಕೇಳಿದಳು: “ಅಲ್ಲಿ ಮ್ಯಾಗ, ಕೆಳಗ ಅನ್ನೂದೇ ಇಲ್ಲಂದ್ರ, ಬೇರು ಯಾ ಕಡಿ ಹೋಗ್ತದೋ ಯಪ್ಪಾ?” ಅದು ಪೇಪರಿನಲ್ಲಿ ಇರಲಿಲ್ಲ.

ಸಿಕ್ಕಿದ್ದು ಸೇಡಂ ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿ ಕೇಳಿದ ಒಂದು ಉದ್ದನೆಯ ಮಾತುಕತೆಯಲ್ಲಿ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಭಾರದ ಕಣಗಳಿರುತ್ತವೆ. ಅವು ತಳಕ್ಕೆ ಕೂತ ಕಡೆ ‘ಕೆಳಗೆ’ ಅಂತ ಬೇರಿಗೆ ಗೊತ್ತಾಗುತ್ತದೆ. ಬಾಹ್ಯಾಕಾಶದಲ್ಲಿ ಅವು ಹಾಗೆ ಕೂರುವುದಿಲ್ಲ, ಬೇರಿಗೆ ದಿಕ್ಕು ತಪ್ಪುತ್ತದೆ. ಬೆಳಕು, ತೇವ ಇದ್ದುದನ್ನು ನೋಡಿಕೊಂಡು ಹೋಗಬೇಕು. ಎರಡನೇ ಪ್ರಶ್ನೆ ಪಾಸು. ಆದರೆ ಕೇಳಿದ್ದರಲ್ಲಿ ಒಂದು ತಾರೀಖು ಮತ್ತೆ ಬೇಕೆಂದರೆ ಮುಗಿಯಿತು, ಮುಕ್ಕಾಲು ತಾಸು ಹಿಂದೆ ಮುಂದೆ ಎಳೆದಾಡಬೇಕು. ಪೇಪರಾದರೆ ಬೆರಳಿಟ್ಟು ತೋರಿಸಬಹುದು.

ಬೀಗರ ಮೊಬೈಲ್ ಗುಂಪನ್ನು ಪರೀಕ್ಷೆಗೆ ಕೂರಿಸುವ ಮನಸ್ಸೇ ಇರಲಿಲ್ಲ. ಜನಗಣಮನವನ್ನು ಯುನೆಸ್ಕೋ ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆಯೆಂದು ಘೋಷಿಸಿದೆ ಅನ್ನುವ ಹಳೇ ಸುಳ್ಳು ಅಲ್ಲಿ ಈಗಲೂ ವರ್ಷಕ್ಕೊಮ್ಮೆ ಜಾತ್ರೆಯಂತೆ ಬರುತ್ತದೆ. ಅದೇ ಗುಂಪಿನಲ್ಲಿ ಮಾವನೊಬ್ಬ ಸನ್ನತಿ ಪಕ್ಕದ ಕನಗನಹಳ್ಳಿಗೆ ಹೋಗಿ ತಾನೇ ತೆಗೆದ ಫೋಟೊ ಹಾಕಿದ: ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ, ಜೊತೆಗೆ ರಾಣಿ. ಅವ್ವ ಫೋನ್ ಕೈಯಲ್ಲೇ ಹಿಡಿದು ಕೂತಳು. ಹಿಂದಿನ ಮೂರೂ ಅದರ ಮುಂದೆ ಸಪ್ಪೆ.

ಈಗ ನನ್ನ ಪಾಡು ಇಷ್ಟು: ಬೆಳಿಗ್ಗೆ ಪೇಪರ್, ಬಸ್ಸಿನಲ್ಲಿ ಇಯರ್‌ಫೋನ್. ಚಿಕ್ಕ ವಿಡಿಯೊ ಬಿಟ್ಟೆ. ಗುಂಪಿನಲ್ಲಿ ಮಾವನ ಫೋಟೊ ಮಾತ್ರ.

ಅವ್ವನದು ಇನ್ನೊಂದು ತಕರಾರು ಉಳಿದಿದೆ: “ನಮ್ಮ ತೊಗರಿ ಯಾಕ ಒಯ್ಯಲಿಲ್ಲ?” ಆಮೇಲೆ ಅವಳೇ ನಕ್ಕಳು: “ಹೋಗ್ಲಿ ಬಿಡು, ತೊಗರಿ ಮೊಳಕಿ ತಿನ್ನೋರ್ ಯಾರು?”